ಅಕ್ಕನ ರೇಡಿಯೊದ ಕೆಂಪು ದೀಪ

ರೇಡಿಯೊಗೆ ಹೊಸ ಫರ್ಮ್‌ವೇರ್, ಅಂದರೆ ಅದನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಹಾಕಿಸಬೇಕು ಎಂದು ಭಾವಮೈದುನ ಮೂರನೆಯ ಸಲ ಹೇಳಿದಾಗಲೂ ದರ್ಜಿ ‘ನೋಡೋಣ’ ಎಂದೇ ಅಂದರು. ದರ್ಜಿಯ ‘ನೋಡೋಣ’ ಎಂದರೆ ಏನೆಂಬುದು ಅವರಲ್ಲಿ ಬಟ್ಟೆ ಹೊಲಿಸಿಕೊಂಡವರಿಗೆಲ್ಲ ಗೊತ್ತಿತ್ತು. ಅದು ಇಲ್ಲ ಎನ್ನಲು ಬಾರದ ಮನುಷ್ಯನ ಇಲ್ಲ.

ರೇಡಿಯೊ ಅವರದಲ್ಲ, ಹೆಂಡತಿಯದು. ಆಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಕೆಲವರಿಗೆ ಹಾಡಿನ ಹುಚ್ಚು, ಕೆಲವರಿಗೆ ಹೂಗಿಡದ ಹುಚ್ಚು ಇರುವ ಹಾಗೆ ಆಕೆಗೆ ರೇಡಿಯೊದ ಹುಚ್ಚು. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತನಾಡುವವರ ಬಳಗ ಸೇರಿದರು. ಸಾಲದ್ದಕ್ಕೆ ತಮ್ಮನಿಗೂ ಆ ಹುಚ್ಚು ಹಿಡಿಸಿದರು. ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಅವನು ಎಲ್ಲರಿಗೂ ಕೇಳುವಂತೆ ‘ಅಕ್ಕ’ ಎಂದದ್ದೇ ಎಂದದ್ದು, ಆಕೆ ಬಳಗಕ್ಕೆಲ್ಲ ಅಕ್ಕನಾಗಿಬಿಟ್ಟರು. ಆಕೆಗಿಂತ ಎಷ್ಟೋ ವರ್ಷ ದೊಡ್ಡವರಾದ ಹಲ್ಲಿನ ಡಾಕ್ಟರು ಕೂಡ ಅಕ್ಕ ಎಂದೇ ಕರೆಯುತ್ತಿದ್ದರು.

ದಿನಾ ಬೆಳಗ್ಗೆ ಈ ಬಳಗ ಸೇರುತ್ತಿತ್ತು. ಸೇರುವುದೆಂದರೆ ಯಾರೂ ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅವರವರು ಅವರವರ ಯಂತ್ರದ ಮುಂದೆ ಕೂರುತ್ತಿದ್ದರು; ಎತ್ತರದ ಕಟ್ಟಡವೊಂದರ ತಾರಸಿಯ ಮೇಲಿದ್ದ ರಿಪೀಟರ್ ಎಂಬ ಪೆಟ್ಟಿಗೆ ಒಬ್ಬರ ದನಿಯನ್ನು ಹಿಡಿದು ಉಳಿದವರಿಗೆಲ್ಲ ಹಂಚುತ್ತಿತ್ತು. ಹಾಜರಿ ಕೂಗುವ ಕೆಲಸ ಅಕ್ಕನದಾಗಿತ್ತು. ಒಬ್ಬೊಬ್ಬರ ಕಾಲ್‌ಸೈನ್ ಕರೆಯುವುದು, ಅವರು ನಮಸ್ಕಾರ ಹೇಳಿ ಮನೆಯ ಸಮಾಚಾರ ನಾಲ್ಕು ಮಾತು ಆಡುವುದು, ಮುಂದಿನವರನ್ನು ಕರೆಯುವುದು. ಕಾಲ್‌ಸೈನ್ ಎಂದರೆ ಲೈಸೆನ್ಸಿನ ಜೊತೆ ಸರಕಾರ ಕೊಡುವ, ನಾಲ್ಕಾರು ಅಕ್ಷರ ಅಂಕಿಗಳ ಹೆಸರು. ಡಿಜಿಟಲ್ ಯಂತ್ರಗಳಲ್ಲಿ ಆ ಹೆಸರನ್ನು ಒಳಗೇ ಬರೆದಿಟ್ಟಿರುತ್ತಾರೆ.

ಚಳಿಗಾಲದಲ್ಲಿ ಅಕ್ಕ ತೀರಿಕೊಂಡರು. ಹಾಜರಿ ಕೂಗುವ ಕೆಲಸ ಹಲ್ಲಿನ ಡಾಕ್ಟರಿಗೆ ಬಂತು. ಆದರೆ ಅವರು ಪಟ್ಟಿಯಿಂದ ಅಕ್ಕನ ಹೆಸರು ತೆಗೆಯಲಿಲ್ಲ. ಎಲ್ಲರದೂ ಮುಗಿದ ಮೇಲೆ ಕೊನೆಗೆ ಅಕ್ಕನ ಕಾಲ್‌ಸೈನ್ ಕರೆದು, ಒಂದು ದೀರ್ಘ ಉಸಿರಿನಷ್ಟು ಹೊತ್ತು ಸುಮ್ಮನಿರುವರು. ಯಾರೂ ಕೆಮ್ಮುತ್ತಲೂ ಇರಲಿಲ್ಲ. ಆಮೇಲೆ ‘ಎಲ್ಲರಿಗೂ ಶುಭದಿನ’ ಎಂದು ಮುಗಿಸುವರು.

ಆ ಒಂದು ಉಸಿರಿಗಾಗಿ ದರ್ಜಿ ಬೆಳಗ್ಗೆ ಏಳುತ್ತಿದ್ದರು ಎಂದರೂ ತಪ್ಪಲ್ಲ. ಎದ್ದು, ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ಅಂಗಡಿಯ ಹಿಂದಿನ ಮೆಟ್ಟಿಲು ಹತ್ತಿ ಹೆಂಡತಿಯ ಕೋಣೆಗೆ ಹೋಗುವರು. ಆಕೆ ಇದ್ದಾಗ ಆ ಯಂತ್ರವನ್ನು ಅವರು ಬೆರಳಿನಿಂದಲೂ ಮುಟ್ಟಿದವರಲ್ಲ. ತಮ್ಮ ಹೊಲಿಗೆ ಯಂತ್ರಕ್ಕೆ ಆಕೆ ಎಣ್ಣೆ ಬಿಡುವ ಹಾಗಿರಲಿಲ್ಲ, ಆಕೆಯ ರೇಡಿಯೊವನ್ನು ಇವರು ತಿರುಗಿಸುವ ಹಾಗಿರಲಿಲ್ಲ. ಸಂಸಾರ ಸುಸೂತ್ರವಾಗಿ ನಡೆದದ್ದೇ ಈ ಒಪ್ಪಂದದ ಮೇಲೆ. ಈಗ ಭಾವಮೈದುನ ತೋರಿಸಿಕೊಟ್ಟ ಒಂದೇ ಒಂದು ಗುಂಡಿ ಒತ್ತುವರು. ಪರದೆ ಬೆಳಗಿ, ಅದರ ಮೇಲೆ ಮೊದಲು ಆಕೆಯ ಕಾಲ್‌ಸೈನ್ ಮೂಡುವುದು. ಮನೆಯಲ್ಲಿ ಆಕೆಯ ಹೆಸರು ತಾನಾಗಿ ಎದ್ದು ಬರುತ್ತಿದ್ದದ್ದು ಅದೊಂದೇ ಕಡೆ.

ಹಾಜರಿ ಮುಗಿದ ಮೇಲೆ ಫ್ಲಾನೆಲ್ ತುಂಡೊಂದನ್ನು ತೆಗೆದುಕೊಂಡು ಯಂತ್ರ ಒರೆಸುವರು. ಕೊನೆಗೆ ಮೈಕನ್ನು ಬಟ್ಟೆಯೊಳಗೆ ಮುಷ್ಟಿಯಲ್ಲಿ ಹಿಡಿದು, ಮಗುವಿನ ಮುಖ ಒರೆಸುವಂತೆ ನಿಧಾನವಾಗಿ ಒರೆಸುತ್ತ ಹೆಂಡತಿಯೊಡನೆ ಮಾತನಾಡುವರು. ದೊಡ್ಡ ಮಾತೇನಲ್ಲ. ಹಾಲು ಉಕ್ಕಿದ್ದು, ನಲ್ಲಿ ಸೋರುತ್ತಿರುವುದು, ಹೊಸ ಬಾಡಿಗೆಯವರ ಮಗು ರಾತ್ರಿಯೆಲ್ಲ ಅತ್ತದ್ದು. ಹಾಗೆ ಮಾತನಾಡುವಾಗ ಯಂತ್ರದ ಮೂಲೆಯಲ್ಲಿ ಸಣ್ಣದೊಂದು ಕೆಂಪು ದೀಪ ಹತ್ತುತ್ತಿತ್ತು. ಬೇರೆ ಹೊತ್ತಿನಲ್ಲಿ ಎಂದೂ ಹತ್ತದ ದೀಪ ಅದು.

ದರ್ಜಿ ದೈವಭಕ್ತರು. ಕೊಟ್ಟವನೂ ಅವನೇ, ಕರೆಸಿಕೊಂಡವನೂ ಅವನೇ ಎಂದು ನಂಬಿದವರು. ಗುರುತು ತೋರಿಸು, ಕನಸಿಗೆ ಕಳಿಸು ಎಂದು ದೇವರನ್ನು ಪೀಡಿಸುವ ಜಾತಿಯಲ್ಲ. ಆದರೂ ಆ ಕೆಂಪು ದೀಪವನ್ನು ಕಂಡಾಗ, ಆಕೆ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಮನಸ್ಸು ತಾನಾಗಿ ಅಂದುಕೊಂಡಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂಬ ಭಯಕ್ಕಿಂತ, ಹೇಳಿದರೆ ನಿಂತುಹೋಗುತ್ತದೆಂಬ ಭಯವೇ ಹೆಚ್ಚು.

ಈಗ ಬಂದ ಸಂಕಟವೆಂದರೆ ಬರುವ ಸೋಮವಾರದಿಂದ ರಿಪೀಟರಿನ ಪದ್ಧತಿ ಬದಲಾಗುವುದಿತ್ತು. ಹಳೆಯ ಫರ್ಮ್‌ವೇರ್ ಇರುವ ಯಂತ್ರಗಳಿಗೆ ಅದರ ಮಾತು ತಿಳಿಯುವುದಿಲ್ಲ, ಕಿವುಡಾಗಿಬಿಡುತ್ತವೆ. ಹೊಸದನ್ನು ಹಾಕಿದರೆ ಯಂತ್ರ ತನ್ನ ಹಳೆಯ ನೆನಪನ್ನೆಲ್ಲ ಅಳಿಸಿಕೊಂಡು ಏಳುತ್ತದೆ. ಹಾಕಿಸಿದರೆ ಹೆಂಡತಿಯ ಹೆಸರು ಹೋಗುತ್ತದೆ, ಹಾಕಿಸದಿದ್ದರೆ ಆಕೆಯನ್ನು ದಿನಾ ಕರೆಯುವ ದನಿ ಹೋಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ದರ್ಜಿಗೆ.

ಭಾನುವಾರ ಮಧ್ಯಾಹ್ನ ಭಾವಮೈದುನ ಕರೆಯದೆಯೇ ಬಂದ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ.

“ಏನ್ ಭಾವ, ನೋಡಿ ಆಯ್ತಾ?”

“ಏನು ನೋಡೋದು?”

“ನೋಡೋಣ ನೋಡೋಣ ಅಂತಿದ್ರಲ್ಲ, ಅದು.”

“ಚಪ್ಪಲಿ ಹೊರಗಡೇನೇ ಬಿಡು. ಗ್ರೀಸು ಮೆತ್ತಿರತ್ತೆ. ಹೋದ ಸಲ ಯಾರದೋ ಬಿಳಿ ಪ್ಯಾಂಟಿಗೆ ನಿನ್ನ ಕೈ ಗುರುತು ಬಿದ್ದಿತ್ತು.”

“ಅದಕ್ಕೆ ಹೊಲಿಗೆ ಕೂಲಿ ಜಾಸ್ತಿ ಕೇಳ್ಬೇಕಿತ್ತು. ಡಿಸೈನು ಅಂತ.”

ಇಬ್ಬರೂ ಮೆಟ್ಟಿಲು ಹತ್ತಿದರು. ಬಾಗಿಲಲ್ಲೇ ದರ್ಜಿ ನಿಂತರು.

“ಹೆಸರೊಂದು ಬಿಟ್ಟು ಉಳಿದದ್ದು ಅಳಿಸೋಕೆ ಆಗಲ್ವೇನೋ?”

“ಗುಂಡಿ ಮಾತ್ರ ಹಾಗೇ ಇಟ್ಟು ಕೋಟು ಬದಲಾಯಿಸೋಕೆ ಆಗತ್ತಾ ಭಾವ?”

“ನಾವು ಮಾಡೋದೇ ಹಾಗೆ. ಹಳೇ ಗುಂಡಿ ಬಿಚ್ಚಿ ಹೊಸ ಕೋಟಿಗೆ ಹಾಕ್ತೀವಿ.”

ಭಾವಮೈದುನ ಚೀಲವನ್ನು ಮೇಜಿನ ಮೇಲಿಟ್ಟ. “ಇದ್ರಲ್ಲಿ ಆಗಲ್ಲ,” ಎಂದ ಮೆಲ್ಲಗೆ. “ಹೊಸದಾಗಿ ಬರೀಬಹುದು. ಆದ್ರೆ ಅಕ್ಕನ ಹೆಸರು ಬರೆಯೋ ಹಾಗಿಲ್ಲ. ಲೈಸೆನ್ಸು ಅಕ್ಕನ ಜೊತೆಗೇ ಮುಗೀತು. ಇರೋರ ಹೆಸರೇ ಇರಬೇಕು.”

ದರ್ಜಿ ಯಂತ್ರದ ಕಡೆ ತಿರುಗಿದರು. “ನಾಳೆ ಡಾಕ್ಟರು ಅವಳನ್ನ ಕರೆಯೋದು ನನಗೆ ಕೇಳಿಸತ್ತೆ ತಾನೇ?”

“ಕೇಳಿಸತ್ತೆ. ಅದಕ್ಕೇ ಮಾಡ್ತಿರೋದು.”

“ಹಾಗಾದ್ರೆ ಮಾಡು.”

ಭಾವಮೈದುನ ಮನೆಯಲ್ಲೇ ಇಳಿಸಿಕೊಂಡು ತಂದಿದ್ದ ಫೈಲನ್ನು ಉಗುರಿನಷ್ಟು ಗಾತ್ರದ ಮೆಮರಿ ಕಾರ್ಡಿಗೆ ಹಾಕಿ, ಕಾರ್ಡನ್ನು ಯಂತ್ರದ ಪಕ್ಕೆಗೆ ತೂರಿಸಿದ. ಆಮೇಲೆ ಗೋಡೆಯ ಪ್ಲಗ್ಗನ್ನು ಒಮ್ಮೆ ಅಲುಗಿಸಿ ನೋಡಿದ. ಪರದೆ ಕಣ್ಣು ಮಿಟುಕಿಸಿತು.

“ಈ ಸಾಕೆಟ್ ಸಡಿಲ ಆಗಿದೆ. ಕರೆಂಟು ಹೋದಾಗ ಬೇಕು ಅಂತ ಅಕ್ಕ ಇಟ್ಟಿದ್ದ ಬ್ಯಾಟರಿ ಬೇರೆ ಸತ್ತಿದೆ. ಭಾವ, ಒಂದು ಕೆಲಸ ಮಾಡಿ. ಇಲ್ಲಿ ಕೂತು ಈ ಪ್ಲಗ್ಗನ್ನ ಒತ್ತಿ ಹಿಡ್ಕೊಳ್ಳಿ. ಮಧ್ಯದಲ್ಲಿ ಕರೆಂಟು ತಪ್ಪಿದ್ರೆ ಯಂತ್ರಕ್ಕೆ ಹಳೇ ಬುದ್ಧೀನೂ ಇರಲ್ಲ, ಹೊಸ ಬುದ್ಧೀನೂ ಬರಲ್ಲ. ಬರೀ ಡಬ್ಬ ಆಗಿಬಿಡತ್ತೆ.”

“ಬೇರೆ ಸಾಕೆಟ್ಟಿಗೆ ಹಾಕು.”

“ವೈರು ಅಷ್ಟುದ್ದ ಇಲ್ಲ.”

ದರ್ಜಿ ಗೋಡೆಯ ಬದಿಗೆ ಸ್ಟೂಲು ಎಳೆದುಕೊಂಡು ಕೂತು ಹೆಬ್ಬೆರಳಿನಿಂದ ಪ್ಲಗ್ಗನ್ನು ಒತ್ತಿ ಹಿಡಿದರು. ಸೂಜಿಯ ಹಿಂಬದಿ ಒತ್ತಿ ಒತ್ತಿ ಕಾಯಿಕಟ್ಟಿದ ಹೆಬ್ಬೆರಳು, ಹಿಡಿದರೆ ಬಿಡುವಂಥದ್ದಲ್ಲ. ಪರದೆಯ ಮೇಲೆ ಆ ಅಕ್ಷರ ಅಂಕಿಗಳು ಇನ್ನೂ ಇದ್ದವು. ಭಾವಮೈದುನ ಕೈ ಮುಂದೆ ಮಾಡಿ, ಹಾಗೇ ನಿಲ್ಲಿಸಿ, ಭಾವನ ಮುಖ ನೋಡಿದ. ದರ್ಜಿ ತುಟಿಯಲ್ಲೇ ದೇವರ ಹೆಸರು ಹೇಳಿ ತಲೆಯಾಡಿಸಿದರು. ಅವನು ಒತ್ತಿದ. ಹೆಸರು ಮಾಯವಾಗಿ, ಅಲ್ಲಿ ಒಂದು ಖಾಲಿ ಪಟ್ಟಿ ಬಂತು. ಎಡಗಡೆಯಿಂದ ಅದು ಸ್ವಲ್ಪ ಸ್ವಲ್ಪವಾಗಿ ತುಂಬತೊಡಗಿತು.

ಪಟ್ಟಿ ಕಾಲು ಭಾಗ ತುಂಬಿದ ಮೇಲೆ ಭಾವಮೈದುನ ಗಂಟಲು ಸರಿಮಾಡಿಕೊಂಡ.

“ಭಾವ, ಒಂದು ವಿಷಯ ಹೇಳ್ಬೇಕು. ಪ್ಲಗ್ ಮಾತ್ರ ಬಿಡಬೇಡಿ.”

“ಹಿಡ್ಕೊಂಡಿದೀನಲ್ಲ.”

“ದಿನಾ ಬೆಳಗ್ಗೆ ಮೈಕ್ ಒರೆಸ್ತೀರಿ.”

“ಒರೆಸ್ತೀನಿ. ನಿಮ್ಮಕ್ಕ ಧೂಳು ಕಂಡ್ರೆ ಸುಮ್ಮನಿರ್ತಿದ್ಲಾ?”

“ಒರೆಸ್ತಾ ಮಾತಾಡ್ತೀರಿ.”

ದರ್ಜಿಯ ಕಿವಿ ಬಿಸಿಯಾಯಿತು. “ಯಾರು ಹೇಳಿದ್ರು ನಿನಗೆ?”

“ನೀವೇ ಭಾವ.”

ಅವನು ಮೈಕನ್ನು ಕೈಗೆತ್ತಿಕೊಂಡು, ಅದರ ಪಕ್ಕೆಯಲ್ಲಿದ್ದ ಉದ್ದನೆಯ ಗುಂಡಿಯನ್ನು ತೋರಿಸಿದ. “ಮಾತಾಡೋವಾಗ ಇದನ್ನ ಒತ್ತಬೇಕು. ನೀವು ಬಟ್ಟೆ ಸುತ್ತಿ ಮುಷ್ಟೀಲಿ ಹಿಡೀತೀರಲ್ಲ, ಆಗ ಇದೇ ಒತ್ಕೊಳ್ಳತ್ತೆ. ಕೈ ಸಡಿಲ ಆದ್ರೆ ಬಿಡತ್ತೆ. ಹಾಗಾಗಿ ಪೂರ್ತಿ ಬರಲ್ಲ. ಅರ್ಧ ಅರ್ಧ ಮಾತು.”

“ಎಲ್ಲಿಗೆ ಬರತ್ತೆ?”

“ಬಳಗದ ಎಲ್ಲರ ರೇಡಿಯೊಗೂ.”

ದರ್ಜಿ ಕೇಳಿದ್ದು ತೀರ ಸಣ್ಣ ದನಿಯಲ್ಲಿ: “ಹಾಗಾದ್ರೆ ಆ ಕೆಂಪು ದೀಪ?”

“ಅದು, ಮಾತು ಹೊರಗೆ ಹೋಗ್ತಿದೆ ಅಂತ ಭಾವ. ಅಷ್ಟೇ.”

ಅಷ್ಟೇ. ಎರಡೇ ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. ಕೋಣೆಯ ಕಿಟಕಿ, ಕುರ್ಚಿ, ಗೋಡೆಗೆ ತೂಗಿದ ಆಕೆಯ ಕೈಚೀಲ ಎಲ್ಲ ಇದ್ದಲ್ಲೇ ಇದ್ದವು. ಏನೋ ಒಂದು ಎದ್ದು ಹೊರಟುಹೋದಂತಾಯಿತು. ಆಮೇಲೆ ನಾಚಿಕೆ ಬಂತು. ನಾಚಿಕೆಯ ಬೆನ್ನಿಗೇ ಸಿಟ್ಟು.

“ಊರಿಗೆಲ್ಲ ಡಂಗುರ ಹೊಡೆದ ಹಾಗಾಯ್ತಲ್ಲೋ. ನಿನಗೆ ಯಾವಾಗ ಗೊತ್ತಾಯ್ತು?”

“ಮೊದಲನೇ ದಿನಾನೇ.”

“ಮತ್ತೆ ಬಾಯಿ ಹೊಲಿದುಕೊಂಡಿದ್ದೆಯಾ? ಈಗ, ನಾನು ಎದ್ದು ಹೋಗೋಕೂ ಆಗದ ಹಾಗೆ ಗೋಡೆಗೆ ಅಂಟಿಸಿ ಹೇಳ್ತಿದೀಯಾ?”

“ಅದಕ್ಕೇ ಈಗ ಹೇಳಿದ್ದು,” ಎಂದ ಅವನು. “ಕೆಟ್ಟು ನಿಂತ ಲಿಫ್ಟಿನೊಳಗೆ ಇರೋರು ಹೇಳಿದ್ದನ್ನ ಪೂರ್ತಿ ಕೇಳ್ತಾರೆ. ಬಾಗಿಲು ತೆರೀತು ಅಂದ್ರೆ ಯಾರೂ ಕೇಳಲ್ಲ.”

ದರ್ಜಿ ನಗಲಿಲ್ಲ. ಹೆಬ್ಬೆರಳ ಕೆಳಗೆ ಪ್ಲಗ್ಗು ಬೆಚ್ಚಗಿತ್ತು. ಕೈ ತೆಗೆದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಆಮೇಲೆ ಕದ್ದು ಕೇಳುವವರೂ ಇಲ್ಲ, ಗುಟ್ಟು ಬಿಟ್ಟುಕೊಟ್ಟ ಯಂತ್ರವೂ ಇಲ್ಲ. ಬೆರಳು ಒಂದು ಸಲ ಸಡಿಲವಾಯಿತು. ಪರದೆ ಮಿಟುಕಿಸಿತು. ಭಾವಮೈದುನ ಮೈಕ್ ಹಿಡಿದ ಹಾಗೇ ಕಲ್ಲಾದ. ದರ್ಜಿ ಮತ್ತೆ ಒತ್ತಿದರು.

“ಹೇಳು,” ಎಂದರು. “ಪೂರ್ತಿ ಹೇಳು.”

“ಅವತ್ತು ನಾನು ಲಿಫ್ಟಿನ ಕೆಳಗಡೆ ಹಳ್ಳದಲ್ಲಿದ್ದೆ. ಜೇಬಿನಲ್ಲಿದ್ದ ಸಣ್ಣ ರೇಡಿಯೊ ಸೆಟ್ ಶಬ್ದ ಮಾಡ್ತು. ಡಿಜಿಟಲ್ಲಲ್ಲಿ ಯಾರು ಗುಂಡಿ ಒತ್ತಿದ್ರೂ ಅವರ ಹೆಸರು ಎಲ್ಲರ ಪರದೆ ಮೇಲೂ ಬರತ್ತೆ. ತೆಗೆದು ನೋಡಿದ್ರೆ ಅಕ್ಕನ ಹೆಸರು. ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಬಿತ್ತು ಭಾವ. ಆಮೇಲೆ ನಿಮ್ಮ ದನಿ. ‘ಹಾಲು ಉಕ್ಕಿಹೋಯ್ತು ಕಣೆ’ ಅಂದ್ರಿ. ಅಷ್ಟಕ್ಕೇ ನಿಂತೋಯ್ತು. ನಾನು ಆ ಹಳ್ಳದಲ್ಲೇ ಕೂತು ಅತ್ತೆ.” ಅವನು ಮೈಕಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ನಿಮಗೆ ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ. ನನಗೆ ದಿನಾ ಒಂದ್ಸಲ ಅಕ್ಕನ ಹೆಸರು ಕಾಣ್ತಿತ್ತು. ನನ್ನ ಸ್ವಾರ್ಥ ಅಂತ್ಲೇ ಇಟ್ಕೊಳ್ಳಿ.”

ಅಪ್ಪ ಅಮ್ಮ ಬೇಗ ಹೋದ ಮೇಲೆ ಅಕ್ಕನೇ ಸಾಕಿದ ಹುಡುಗ ಅವನು. ಮದುವೆಯಾಗಿ ಬರುವಾಗ ಆಕೆ ಜೊತೆಯಲ್ಲಿ ತಂದದ್ದು ಒಂದು ಟ್ರಂಕು, ಒಬ್ಬ ತಮ್ಮ. ದರ್ಜಿ ಹೊಲಿದ ಮೊದಲ ಶಾಲೆಯ ಚಡ್ಡಿ ಅವನದೇ. ಈಗ ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿರುವುದು ದರ್ಜಿಗೆ ಅಂದೇ ಮೊದಲ ಸಲ ಕಂಡಂತಾಯಿತು.

“ಬೇರೆಯವರು ಏನಂದ್ರು? ನಕ್ಕರಾ?”

“ನಗೋದಾ? ಹಾಜರಿ ಮುಗಿದ್ರೂ ಈಗ ಯಾರೂ ಸೆಟ್ ಆರಿಸಲ್ಲ. ನಮ್ಮ ಬಳಗದಲ್ಲಿ ಬಸ್ ಓಡಿಸೋ ಅಮ್ಮ ಒಬ್ಬರಿದ್ದಾರಲ್ಲ, ಅವರು ಡಿಪೋದಿಂದ ಹೊರಡೋದನ್ನ ಎರಡು ನಿಮಿಷ ತಡ ಮಾಡ್ತಾರೆ. ಡಾಕ್ಟರು ಮೊದಲನೇ ಪೇಷಂಟನ್ನ ಬಾಯಿ ತೆಗೆಸಿ ಕೂರಿಸಿ ಕಾಯಿಸ್ತಾರೆ. ಅವನೂ ಬಾಯಿ ತಕ್ಕೊಂಡೇ ಕೇಳ್ತಾನೆ.”

ಹೆಂಡತಿ ಹೋದ ಹೊಸದರಲ್ಲಿ ದೇವರ ಮುಂದೆ ನಿಂತು ದರ್ಜಿ ಒಂದೇ ಒಂದು ದೂರು ಹೇಳಿಕೊಂಡಿದ್ದರು: ಮಾತು ಹೊಟ್ಟೆಯಲ್ಲೇ ಹುಳಿಯುತ್ತಿದೆ, ಕೇಳುವ ಕಿವಿ ಇಲ್ಲ. ಕೇಳಿದ್ದನ್ನು ಅವನು ಕೊಡುತ್ತಾನೆ. ಆದರೆ ಯಾರ ಕಿವಿಯಲ್ಲಿ ಕೊಡುತ್ತಾನೆಂದು ಹೇಳಿ ಕೊಡುವುದಿಲ್ಲ.

ಪಟ್ಟಿ ತುಂಬಿತು. ಯಂತ್ರ ತಾನಾಗಿ ಆರಿ, ಮತ್ತೆ ಹತ್ತಿತು. ಪರದೆಯ ಮೇಲೆ ಹೆಸರಿರಲಿಲ್ಲ. ಹೆಸರು ಬರೆಯಿರಿ ಎಂದು ಕೇಳುವ ಖಾಲಿ ಗೆರೆ ಮಾತ್ರ ಮಿನುಗುತ್ತಿತ್ತು.

“ಇನ್ನು ಕೈ ಬಿಡಬಹುದು ಭಾವ.”

ದರ್ಜಿ ಇನ್ನೂ ಸ್ವಲ್ಪ ಹೊತ್ತು ಹಿಡಿದೇ ಇದ್ದರು. ಆಮೇಲೆ ಬಿಟ್ಟು, ಹೆಬ್ಬೆರಳು ತಿಕ್ಕಿಕೊಂಡು, “ನಿನ್ನ ಹೆಸರು ಬರಿ,” ಎಂದರು. “ಅವಳ ಮನೇಲಿ ಅವಳ ತಮ್ಮನ ಹೆಸರಿದ್ರೆ ಬೇಜಾರಾಗಲ್ಲ ಅವಳಿಗೆ.”

ಅವನು ಬರೆದ. ಮೈಕನ್ನು ಯಂತ್ರದಿಂದ ಬಿಚ್ಚಿ ಮೇಜಿನ ಖಾನೆಯಲ್ಲಿ ಇಟ್ಟ. “ಇನ್ಮೇಲೆ ಎಷ್ಟು ಬೇಕಾದ್ರೂ ಒರೆಸಿ. ಏನೂ ಹೊರಗೆ ಹೋಗಲ್ಲ.” ಹೊರಡುವಾಗ, ನಾಳೆ ಬೆಳಗ್ಗೆ ಬರುತ್ತೇನೆ, ಸರಿಯಾಗಿ ಕೇಳುತ್ತದೆಯೋ ನೋಡಬೇಕು ಎಂದ. ದರ್ಜಿ ‘ನೋಡೋಣ’ ಎನ್ನಲಿಲ್ಲ. ‘ಬಾ’ ಎಂದರು.

ಸೋಮವಾರ ಹಾಜರಿಯ ಹೊತ್ತಿಗೆ ಅವನು ಕೆಲಸದ ಬಟ್ಟೆಯಲ್ಲೇ ಬಂದು ಪಕ್ಕದಲ್ಲಿ ಕೂತ. ರಿಪೀಟರಿನ ಹೊಸ ಪದ್ಧತಿಯಲ್ಲಿ ದನಿಗಳು ಮೊದಲಿಗಿಂತ ಸ್ವಚ್ಛವಾಗಿ ಬರುತ್ತಿದ್ದವು. ಡಾಕ್ಟರು ಒಬ್ಬೊಬ್ಬರನ್ನೇ ಕರೆದರು. ಬಸ್ಸಿನ ಅಮ್ಮ ಟೈರಿನ ಗಾಳಿಯ ಸಮಾಚಾರ ಹೇಳಿದರು. ಭಾವಮೈದುನನ ಸರದಿ ಬಂದಾಗ ಅವನು ಖಾನೆಯಿಂದ ಮೈಕ್ ತೆಗೆದು ಸಿಕ್ಕಿಸಿ, “ನಮಸ್ಕಾರ. ಅಕ್ಕನ ಮನೆಯಿಂದ ಮಾತಾಡ್ತಿದೀನಿ. ಭಾವನೂ ಪಕ್ಕದಲ್ಲಿದ್ದಾರೆ. ಅವರಿಗೆ ವಿಷಯ ಹೇಳಿದೀನಿ,” ಎಂದ.

ಆಮೇಲೆ ಡಾಕ್ಟರ ದನಿ ಬಂತು. “ಅವರಲ್ಲಿ ಕ್ಷಮೆ ಕೇಳಿದೆ ಅಂತ ಹೇಳಪ್ಪ. ಮೊದಲೇ ಹೇಳ್ಬೇಕಾಗಿತ್ತು, ಬಾಯಿ ಬರಲಿಲ್ಲ. ಇನ್ನೊಂದು. ಕೇಳೋದು ತಪ್ಪಾದ್ರೆ ಬಿಟ್ಟುಬಿಡಿ. ಎರಡು ವಾರದ ಹಿಂದೆ ಅವರು, ‘ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಬಿಟ್ಟೆ ಕಣೆ, ಬಟ್ಟೆ ಒಂದಿಂಚೂ ಉಳಿದಿಲ್ಲ, ಆ ಹುಡುಗನ ಮದುವೆ ನೋಡಿದ್ರೆ’ ಅಂದ್ರು. ಅಷ್ಟಕ್ಕೇ ನಿಂತುಹೋಯ್ತು. ನಾವೆಲ್ಲ ಎರಡು ವಾರದಿಂದ ಒದ್ದಾಡ್ತಿದೀವಿ. ಆ ಕೋಟು ಏನಾಯ್ತು?”

“ನನ್ನ ಕಂಡಕ್ಟರೂ ಕೇಳ್ತಾನೇ ಇದಾನೆ,” ಎಂದರು ಬಸ್ಸಿನ ಅಮ್ಮ.

ಭಾವಮೈದುನ ಮೈಕನ್ನು ದರ್ಜಿಯ ಬಾಯಿಯ ಹತ್ತಿರ ಹಿಡಿದು, ಗುಂಡಿಯನ್ನು ತಾನೇ ಒತ್ತಿದ. “ಲೈಸೆನ್ಸ್ ಇರೋ ನಾನು ಪಕ್ಕದಲ್ಲಿದೀನಿ, ಪರವಾಗಿಲ್ಲ. ಮಾತಾಡಿ ಭಾವ.” ಮೂಲೆಯಲ್ಲಿ ಕೆಂಪು ದೀಪ ಹತ್ತಿತು.

ದರ್ಜಿ ದೀಪವನ್ನು ನೋಡಿದರು. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ ಶುರುಮಾಡಿದರು.

“ಅದು ಹೀಗಾಯ್ತು. ನಾನು ಕತ್ತರಿಸಿ ಇಟ್ಟ ತುಂಡುಗಳಿಗೆಲ್ಲ ಅವಳು ಶಾಲೆಯಿಂದ ಬಂದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಿದ್ಲು. ಬಲತೋಳಿಗೆ ಒಂದು ಗೆರೆ. ಮೊದಲು ಒಂದು ತೋಳು ಕತ್ತರಿಸಿಡೋದು, ಗುರುತು ನೋಡ್ಕೊಂಡು ಇನ್ನೊಂದು ಕತ್ತರಿಸೋದು. ಅಭ್ಯಾಸ. ಆವತ್ತು ಗೆರೆ ಇರ್ಲಿಲ್ಲ. ಗೆರೆ ಇಲ್ದೇ ಇರೋದನ್ನ ಎಡತೋಳು ಅಂದ್ಕೊಂಡ್ನಾ, ಬಲತೋಳು ಅಂದ್ಕೊಂಡ್ನಾ, ದೇವರಿಗೇ ಗೊತ್ತು. ಎರಡೂ ಎಡ ಆಯ್ತು.” ಉಸಿರು ತೆಗೆದುಕೊಂಡರು. “ಬಟ್ಟೆ ತಿರುಗಿಸಿ ನೋಡಿದೆ. ಒಳಮಗ್ಗುಲು ಒಂಚೂರು ಮಂಕು, ಅಷ್ಟೇ. ಒಂದು ತೋಳನ್ನ ಮಗುಚಿದ್ರೆ ಎಡ ಬಲ ಆಗತ್ತೆ. ಹಾಗೇ ಹೊಲಿದೆ. ಹುಡುಗನಿಗೆ ಮುಚ್ಚಿಡಲಿಲ್ಲ, ಹೇಳಿದೆ. ಅವನು ಬಿಸಿಲಲ್ಲಿ ನಿಂತು ಎರಡೂ ತೋಳು ನೋಡ್ಕೊಂಡ. ಯಾವುದು ಅಂತ ಗೊತ್ತಾಗಲಿಲ್ಲ. ಹಾಕ್ಕೊಂಡೇ ಮದುವೆ ಆದ. ಅವಳಿದ್ದಿದ್ರೆ ಬಾಗಿಲಿಂದಲೇ ಕಂಡುಹಿಡೀತಿದ್ಲು.”

ಮಾತು ಮುಗಿಯಿತು. ಭಾವಮೈದುನ ಗುಂಡಿ ಬಿಟ್ಟ. ಯಂತ್ರದಿಂದ ಮೊದಲು ಬಂದದ್ದು ಬಸ್ಸಿನ ಅಮ್ಮನ ನಗು. ಅದರ ಹಿಂದೆ ಬೇರೆ ಯಾರದೋ ನಿಟ್ಟುಸಿರು. ಡಾಕ್ಟರು, “ನನ್ನ ಪೇಷಂಟು ಕೈ ಎತ್ತಿ ಸಮಾಧಾನ ಆಯ್ತು ಅಂತ ತೋರಿಸ್ತಿದಾನೆ. ಮಾತಾಡೋಕೆ ಆಗಲ್ಲ, ಬಾಯ್ತುಂಬ ಹತ್ತಿ,” ಎಂದರು. ದರ್ಜಿ ಚಳಿಗಾಲದಿಂದೀಚೆಗೆ ನಕ್ಕಿರಲಿಲ್ಲ, ಈಗ ನಕ್ಕರು.

ಕೊನೆಗೆ ಡಾಕ್ಟರು ಎಂದಿನಂತೆ ಅಕ್ಕನ ಕಾಲ್‌ಸೈನ್ ಕರೆದು ಸುಮ್ಮನಾದರು. ಪರದೆಯ ಮೇಲೆ ಯಾವ ಹೆಸರೂ ಮೂಡಲಿಲ್ಲ. ಯಾವ ದೀಪವೂ ಹತ್ತಲಿಲ್ಲ. ಆದರೆ ಆ ಮೌನದೊಳಗೆ ಯಾರು ಯಾರು ಇದ್ದಾರೆಂಬುದು ಈಗ ದರ್ಜಿಗೆ ಗೊತ್ತಿತ್ತು: ಡಿಪೋದಲ್ಲಿ ಹೊರಡದೆ ನಿಂತ ಒಂದು ಬಸ್ಸು, ಬಾಯಿ ತೆರೆದು ಕೂತ ಒಬ್ಬ ಮನುಷ್ಯ, ಪಕ್ಕದಲ್ಲಿ ಗ್ರೀಸಿನ ವಾಸನೆಯ ಈ ಹುಡುಗ.

“ಎಲ್ಲರಿಗೂ ಶುಭದಿನ,” ಎಂದರು ಡಾಕ್ಟರು.

ಭಾವಮೈದುನ ಮೈಕ್ ಬಿಚ್ಚಲು ಕೈ ಚಾಚಿದ. “ಇರಲಿ ಬಿಡು,” ಎಂದರು ದರ್ಜಿ. “ಆ ಲೈಸೆನ್ಸಿನ ಪರೀಕ್ಷೆ ಬಹಳ ಕಷ್ಟವೇನೋ?”

“ಅಕ್ಕ ಪಾಸಾಗಿದ್ದಳು. ನಾನೂ ಪಾಸಾದೆ.”

“ನೀನು ಪಾಸಾದೆ ಅಂದ್ಮೇಲೆ ಕಷ್ಟ ಇರಲಾರದು.”

ಅವನು ನಗುತ್ತ ಕೆಲಸಕ್ಕೆ ಹೊರಟ. ದರ್ಜಿ ಫ್ಲಾನೆಲ್ ತುಂಡಿನಿಂದ ಮೈಕನ್ನು ಒರೆಸಿದರು, ಈ ಸಲ ಪಕ್ಕೆಯ ಗುಂಡಿಯನ್ನು ತಪ್ಪಿಸಿ, ಎರಡು ಬೆರಳಲ್ಲಿ ಹಿಡಿದು. “ಕೇಳಿದ್ಯೇನೆ,” ಎಂದರು. “ಕೋಟಿನ ಸುದ್ದಿ ಕಂಡಕ್ಟರಿಗೂ ಹೋಗಿದೆ.” ಆಮೇಲೆ ಕೆಳಗಿಳಿದು ಅಂಗಡಿಯ ಬಾಗಿಲು ತೆರೆದು, ಹಿಂದಿನ ದಿನ ಕತ್ತರಿಸಿಟ್ಟ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ಹುಡುಕಿ, ಬಲತೋಳಿನ ಮೇಲೆ ತಾವೇ ಒಂದು ಗೆರೆ ಎಳೆದರು.